ಸೋರುವ ಲಾರಿ, ಸೋರದ ಲಾರಿ

ಎಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ, ಕಾಸರಗೋಡು ರೈಲ್ವೆ ನಿಲ್ದಾಣದ ಸರಕು ಇಳಿಸುವ ಕಟ್ಟೆ. ಹಾಜರಿದ್ದವರು ಮೂವರು: ದನದ ಆಸ್ಪತ್ರೆಯ ಕಂಪೌಂಡರನಾದ ನಾನು, ಲಾರಿ ಸರ್ವೀಸಿನಲ್ಲಿ ಲೆಕ್ಕ ಬರೆಯುವ ರೈಟರು, ಅವರ ಲಾರಿಯ ಡ್ರೈವರು. ತಾರೀಖು ನನ್ನ ದಿನಚರಿಯಲ್ಲಿತ್ತು. ಆ ಪುಸ್ತಕವನ್ನು ಗೆದ್ದಲು ತಿಂದಿತು. ವಾರ ಮತ್ತು ಗಂಟೆ ಮಾತ್ರ ತಲೆಯಲ್ಲಿ ಉಳಿದಿವೆ.

ಮಂಗಳೂರಿನ ಗಾಡಿಯಿಂದ ನಮಗೆ ಬಂದ ಸಾಮಾನು ಎರಡು. ಒಂದು, ಮರದ ಹುಡಿ ತುಂಬಿ ಗೋಣಿಯಲ್ಲಿ ಸುತ್ತಿದ್ದ ಮಂಜುಗಡ್ಡೆ. ಇನ್ನೊಂದು, ಅದರ ನಡುವೆಯೇ ಹುದುಗಿಸಿಟ್ಟಿದ್ದ ತಗಡಿನ ಡಬ್ಬಿ. ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸಿದ ಆರು ಗಾಜಿನ ಟ್ಯೂಬುಗಳು. ಒಂದೊಂದರಲ್ಲೂ ಇಪ್ಪತ್ತು ದನಗಳಿಗೆ ಆಗುವಷ್ಟು ಲಸಿಕೆ. ಕುಂಬ್ಡಾಜೆಯ ಗುಡ್ಡದ ಕಡೆ ದನಗಳಿಗೆ ದೊಡ್ಡರೋಗ ಕಾಣಿಸಿಕೊಂಡಿತ್ತು. ಬಾಯಿ ಹುಣ್ಣಾಗಿ, ಭೇದಿ ಹತ್ತಿ, ವಾರದೊಳಗೆ ದನ ನೆಲಕ್ಕೆ ಬೀಳುವ ಆ ರೋಗವನ್ನು ಈಗಿನವರು ನೋಡಿಲ್ಲ. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಬರುವ ಮೊದಲು ಚುಚ್ಚಬೇಕು. ಚುಚ್ಚುವ ಗಳಿಗೆಯವರೆಗೂ ಲಸಿಕೆ ಮಂಜಿನ ತಂಪಿನಲ್ಲೇ ಇರಬೇಕು. ಬಿಸಿ ತಗುಲಿದರೆ ಅದು ಬರಿಯ ನೀರು.

ಒಂಬತ್ತು ದಿನಕ್ಕೊಮ್ಮೆ ಹೀಗೆ ಮಂಜುಗಡ್ಡೆ ಮತ್ತು ಲಸಿಕೆ ಬರುವುದಿತ್ತು. ಅದನ್ನು ಗುಡ್ಡದ ಊರುಗಳಿಗೆ ಒಯ್ಯಲು ಒಂದು ಲಾರಿ ಕಂಪನಿಯನ್ನು ಗೊತ್ತು ಮಾಡಬೇಕಾಗಿತ್ತು. ಆ ಕಾಲದಲ್ಲಿ ತಣ್ಣಗಿನ ಲಾರಿ ಎಂಬುದೇ ಇರಲಿಲ್ಲ. ಒಂದು ಪೆಟ್ಟಿಗೆ, ಅದರಲ್ಲಿ ಐಸು, ಅದನ್ನು ಹೊರುವ ಲಾರಿ, ಇಷ್ಟೇ. ನಮ್ಮ ಡಾಕ್ಟರು ಇದೇ ರೋಗದ ಹಿಂದೆ ನಮ್ಮ ಕರಾವಳಿಯ ಹೊಸದುರ್ಗದ ಕಡೆ ಹೋಗಿ ಮೂರು ವಾರವಾಗಿತ್ತು. ಹಾಗಾಗಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳೂರಿನ ಕಚೇರಿಯ ಆದೇಶ ಸ್ಪಷ್ಟವಾಗಿತ್ತು: ಊರಿನ ಎರಡೂ ಕಂಪನಿಗಳನ್ನು ನೋಡಿ, ಒಂದು ಹಾಳೆಯಲ್ಲಿ ಪ್ರತಿಯೊಂದರ ಪರವಾದ ಮತ್ತು ವಿರುದ್ಧವಾದ ಕಾರಣಗಳನ್ನು ಬರೆದು, ಒಂದನ್ನು ಆರಿಸತಕ್ಕದ್ದು.

ನನಗೆ ಇಂತಹ ಕೆಲಸ ಇಷ್ಟ. ನಾನು ಬಳ್ಳಾರಿ ಕಡೆಯವನು. ಯುದ್ಧಕಾಲದಲ್ಲಿ ಸೈನ್ಯದ ಹೇಸರಗತ್ತೆಗಳ ದಳದಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಗೊರಸು ತೊಳೆಯುವುದಕ್ಕೆ ಗಂಟೆ ಗೊತ್ತಿತ್ತು. ಆಮೇಲೆಯೂ ನಾನು ಆ ಗಂಟೆಗಳನ್ನು ಬಿಡಲಿಲ್ಲ. ಹಿಂದಿನ ವರ್ಷ ನನ್ನ ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ನಾನು ಮದ್ರಾಸ್ ಸರ್ಕಾರದ ನೌಕರನಾಗಿ ಕಡಲ ತೀರದಲ್ಲಿ ಉಳಿದೆ. ಕಾಸರಗೋಡಿನಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಭಾಷೆ ಎಲ್ಲವೂ ಕಿವಿಗೆ ಬೀಳುತ್ತಿದ್ದವು, ಯಾವುದೂ ನನ್ನೊಡನೆ ಆಡಿದ್ದಾಗಿರಲಿಲ್ಲ. ನನ್ನೊಡನೆ ಮಾತಾಡುವವರು ಕನ್ನಡದಲ್ಲೇ ಆಡುತ್ತಿದ್ದರು, ಅದೂ ದನದ ಬಗ್ಗೆ. ದನ ಗುಣವಾದರೆ ಮಾತೂ ಮುಗಿಯಿತು. ಒಂದೇ ಹೋಟೆಲಿನ ಒಂದೇ ಮೂಲೆಯಲ್ಲಿ ಕುಳಿತು ಹನ್ನೆರಡೂವರೆಗೆ ಮತ್ತು ಏಳೂಕಾಲಿಗೆ ಉಣ್ಣುತ್ತಿದ್ದೆ. ನಾನು ಬರುವುದನ್ನು ನೋಡಿ ಹೋಟೆಲಿನವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ಯಾರೋ ತಮಾಷೆ ಮಾಡಿದ್ದು ಕೇಳಿಸಿತ್ತು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಎರಡೂ ಕಂಪನಿಗಳನ್ನು ಹಿಂದಿನ ದಿನ, ಸೋಮವಾರ, ನೋಡಿ ಬಂದಿದ್ದೆ. ಮೊದಲನೆಯದು ಮೀನಿನ ಲಾರಿ. ಅದರ ಯಜಮಾನರು ವಯಸ್ಸಾದ ಬ್ಯಾರಿ, ಹಜ್ ಮಾಡಿ ಬಂದವರು. ಊರಿಗೆಲ್ಲ ಅವರು ಹಾಜಿಯವರೇ. ಕಡಲ ಕಡೆ, ಕಡಪ್ಪುರದ ದಾರಿಯಲ್ಲಿ, ಅವರ ಮೀನಿನ ಕೊಟ್ಟಿಗೆ. ನಾನು ಹೋದಾಗ ಅಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬಂಗುಡೆ ತುಂಬಿದ ಬುಟ್ಟಿಗಳ ನಡುವೆ ಕವುಚಿ ಹಾಕಿದ ಪೆಟ್ಟಿಗೆಯ ಮೇಲೆ ಹಾಜಿಯವರು ಕುಳಿತಿದ್ದರು.

"ಬನ್ನಿ ಡಾಕ್ಟ್ರೆ. ಘಟ್ಟದವರಿಗೆ ಈ ವಾಸನೆ ಆಗ್ಲಿಕ್ಕಿಲ್ಲ, ಅಲ್ವಾ?"

ನಾನು ಡಾಕ್ಟರಲ್ಲ, ಕಂಪೌಂಡರ್ ಎಂದು ತಿದ್ದಿದೆ. ಯಾರೇ ಕರೆದರೂ ತಿದ್ದುವುದು ನನ್ನ ರೂಢಿ.

"ದನಕ್ಕೆ ಆ ವ್ಯತ್ಯಾಸ ಗೊತ್ತುಂಟಾ?" ಎಂದರು ಅವರು. ಸುತ್ತಲಿದ್ದವರೆಲ್ಲ ನಕ್ಕರು. ನಾನು ಕೈಯಲ್ಲಿದ್ದ ಹಾಳೆ ನೋಡಿದೆ.

ಅವರ ಲಾರಿಯನ್ನು ಸುತ್ತಿ ನೋಡಿದೆ. ಹಲಗೆಗಳು ಕಪ್ಪಾಗಿದ್ದವು. ಬೆಳಿಗ್ಗೆ ತುಂಬಿಸಿದ ಐಸಿನ ನೀರು ನಾಲ್ಕು ಕಡೆಯಿಂದ ತೊಟ್ಟಿಕ್ಕಿ ಚಕ್ರಗಳ ಕೆಳಗೆ ಕೆಸರಾಗಿತ್ತು. ಈ ಲಾರಿ ಹೋದ ದಾರಿಯನ್ನು ಅದರ ನೀರಿನ ಗೆರೆಯಿಂದಲೇ ಗುರುತಿಸಬಹುದೆಂದು ಪೇಟೆಯಲ್ಲಿ ಹೇಳುತ್ತಿದ್ದರು. ಇಷ್ಟು ಸೋರುವ ಲಾರಿಯನ್ನು ರಿಪೇರಿ ಏಕೆ ಮಾಡಿಸಿಲ್ಲ ಎಂದು ಕೇಳಿದೆ.

"ಸೋರಬೇಕು ಮಾರಾಯ್ರೆ. ನೀರು ನಿಂತ್ರೆ ಐಸು ನಿಲ್ಲುದಿಲ್ಲ."

ರಿಪೇರಿ ಮಾಡಿಸದವನ ನೆಪ ಎಂದುಕೊಂಡೆ. ಕುಡಿಯಲು ಚಹಾ ತರಿಸುತ್ತೇನೆಂದರು. ಸಮಯವಿಲ್ಲ ಎಂದು ಹೊರಟುಬಂದೆ.

ಎರಡನೆಯದು ಲಾರಿ ಸರ್ವೀಸ್. ಅವರದು ಒಣ ಸಾಮಾನಿನ ಕೆಲಸ. ಗುಡ್ಡದ ಕಡೆಗೆ ಅಕ್ಕಿ, ಅಲ್ಲಿಂದ ಅಡಿಕೆ, ಮೆಣಸು. ಕಚೇರಿಯಲ್ಲಿ ಒಂದು ಮೇಜು, ಒಂದು ಗೋಡೆ ಗಡಿಯಾರ, ಒಬ್ಬರು ರೈಟರು. ಅವರು ನನ್ನನ್ನು ಕೂರಿಸಿ ಮೂರು ಪ್ರಶ್ನೆ ಕೇಳಿದರು: ಎಷ್ಟು ತೂಕ, ಎಲ್ಲಿಗೆ, ಎಷ್ಟು ಗಂಟೆಗೆ. ಚಹಾದ ಮಾತಿಲ್ಲ, ನಗುವಿಲ್ಲ. ಲಾರಿಯ ನೆಲವನ್ನು ಗುಡಿಸಿ ಒರೆಸಿದ್ದರು. ಯಾವ ಊರಿಗೆ ಎಷ್ಟು ಗಂಟೆಗೆ ಎಂಬುದನ್ನು ಅಚ್ಚು ಮಾಡಿಸಿ ಬಾಗಿಲಿಗೆ ಅಂಟಿಸಿದ್ದರು. ತಮ್ಮ ಲಾರಿ ಓಡಲು ಶುರುವಾದ ಮೇಲೆ ಒಂದು ಗೋಣಿಗೂ ನೀರು ತಾಗಿಲ್ಲ ಎಂದು ರೈಟರು ಹೇಳಿದರು. ಅವರು ಹೆಮ್ಮೆಪಟ್ಟ ವಿಷಯ ಅದೊಂದೇ. ಆ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಲ್ಲಿ ಕುಳಿತಾಗ ನನ್ನ ಮನೆಗೇ ಬಂದಂತಾಯಿತು. ಇವರು ನನ್ನಂತಹವರು ಎಂದು ಆ ಊರಿನಲ್ಲಿ ಎರಡು ವರ್ಷ ಕಳೆದ ಮೇಲೆ ಮೊದಲ ಸಲ ಅನ್ನಿಸಿತು. ಲಾರಿಯನ್ನು ಆರಿಸಲು ಇದು ಕಾರಣವಾಗಬಾರದಿತ್ತು. ಹಾಳೆಯಲ್ಲಿ ಇದನ್ನು ಬರೆಯಲೂ ಇಲ್ಲ.

ಬರೆಯಬಹುದಾದ ಕಾರಣ ಒಂದಿತ್ತು. ನಾವು ಹೋಗಬೇಕಾದ ಊರಿನ ಪಟೇಲರು ಆಸ್ಪತ್ರೆಗೆ ಕಾಗದ ಬರೆದಿದ್ದರು. ತಮ್ಮ ದನದ ಹಟ್ಟಿಯ ಹಸುಗಳಿಗೆ ಕೊಡುವ ಮದ್ದು ಮೀನಿನ ಲಾರಿಯಲ್ಲಿ ಬಂದರೆ ತಮ್ಮ ಮನೆಯಲ್ಲಿ ಒಪ್ಪುವುದಿಲ್ಲ, ದಯವಿಟ್ಟು ಗಮನಿಸಬೇಕು ಎಂದು. ಆ ಲಸಿಕೆಯನ್ನು ತಯಾರಿಸುವುದು ಆಡಿನ ಒಳಗಿನ ಒಂದು ಅಂಗದಿಂದ ಎಂಬುದು ನನಗೆ ಗೊತ್ತಿತ್ತು. ಅವರು ಅದನ್ನು ಕೇಳಿರಲಿಲ್ಲ, ನಾನು ಹೇಳಲಿಲ್ಲ. ಹಾಳೆಯ ಎಡಕ್ಕೆ ಪರ, ಬಲಕ್ಕೆ ವಿರುದ್ಧ ಎಂದು ಗೆರೆ ಎಳೆದೆ. ಲಾರಿ ಸರ್ವೀಸಿನ ಪರವಾಗಿ ಚೊಕ್ಕಟ, ಸಮಯಪಾಲನೆ, ಪಟೇಲರ ಒಪ್ಪಿಗೆ ಎಂದು ಬರೆದೆ. ಹಾಜಿಯವರ ಹೆಸರಿನ ಬಲಕ್ಕೆ, ವಾಸನೆ ಎಂಬುದರ ಕೆಳಗೆ, "ದಾರಿಯುದ್ದಕ್ಕೂ ನೀರು ಸೋರುತ್ತದೆ" ಎಂದು ಬರೆದು ಅಡಿಗೆರೆ ಹಾಕಿದೆ.

ಈಗ ಮಂಗಳವಾರಕ್ಕೆ ಬರುತ್ತೇನೆ. ಇಲಾಖೆಯ ಪೆಟ್ಟಿಗೆ ಸಾಗುವಾನಿಯದು, ಒಳಗೆ ಸತುವಿನ ತಗಡು. ತಗಡಿಗೂ ಮರಕ್ಕೂ ನಡುವೆ ಭತ್ತದ ಉಮಿ ತುಂಬಿತ್ತು. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ತೂತು. ಪೆಟ್ಟಿಗೆಯ ಜೊತೆ ಬಂದ ಸೂಚನಾಪತ್ರದಲ್ಲಿ ಹನ್ನೊಂದು ಸೂಚನೆಗಳಿದ್ದವು. ಹನ್ನೊಂದನ್ನೂ ಓದಿ, ಒಂದೊಂದನ್ನೂ ಮಾಡಿ ಪಕ್ಕದಲ್ಲಿ ಗುರುತು ಹಾಕಿದೆ. ತೂತಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಡ್ರೈವರು ನನಗಿಂತ ಮೊದಲೇ ಅದನ್ನು ನೋಡಿದ್ದ. ಹತ್ತಿರದಲ್ಲೇ ಅಕ್ಕಿಯ ಗೋಣಿಗಳಿದ್ದವು. ಅವನು ಬಟ್ಟೆಯ ಚೂರನ್ನು ಬತ್ತಿಯ ಹಾಗೆ ಹೊಸೆದು, ಮೇಣ ಸವರಿ, ಹೊರಗಿನಿಂದ ತೂತಿಗೆ ಗಟ್ಟಿಯಾಗಿ ತುರುಕಿದ. ಕೈಯಿಂದ ಕೆಳಗೆ ತಡವಿ ನೋಡಿ, ಒದ್ದೆಯಾಗದ ಅಂಗೈಯನ್ನು ನನಗೆ ತೋರಿಸಿದ. ನಾನು ಮೆಚ್ಚಿ ತಲೆಯಾಡಿಸಿದೆ.

ನಾಲ್ಕು ಟ್ಯೂಬುಗಳಿದ್ದ ಡಬ್ಬಿಯನ್ನು ಪೆಟ್ಟಿಗೆಯಲ್ಲಿ ಐಸಿನ ನಡುವೆ ಇಟ್ಟೆ. ಎರಡನ್ನು ನನ್ನ ಸ್ವಂತ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ಚೂರುಗಳ ಜೊತೆ ಇಳಿಸಿ ಬಿರಡೆ ಹಾಕಿದೆ. ಇದು ಸೂಚನೆಯಲ್ಲಿರಲಿಲ್ಲ, ಹೇಸರಗತ್ತೆಗಳ ದಳದ ನಿಯಮ. ಒಂದೇ ಜಾತಿಯ ಸಾಮಾನನ್ನು ಎಂದೂ ಒಂದೇ ಪ್ರಾಣಿಯ ಮೇಲೆ ಹೇರಬಾರದು. ಒಮ್ಮೆ ಒಂದು ಹೇಸರಗತ್ತೆ ಕಂದಕಕ್ಕೆ ಬಿದ್ದು ನಮ್ಮ ಅಷ್ಟೂ ಔಷಧ ಹೋಗಿತ್ತು.

ಆರು ನಲವತ್ತಕ್ಕೆ ಹೊರಟೆವು. ಡ್ರೈವರು ಮಾತಿನವನಲ್ಲ, ನಾನೂ ಅಲ್ಲ. ಚೆರ್ಕಳದಲ್ಲಿ ಇಪ್ಪತ್ತು ನಿಮಿಷ ನಿಂತು ಅಕ್ಕಿ ಇಳಿಸಿದರು. ಬದಿಯಡ್ಕದ ಪೇಟೆಯಲ್ಲಿ ಎರಡು ಅಂಗಡಿಗಳಿಗೆ ಇಳಿಸಬೇಕಿತ್ತು. ಅಚ್ಚು ಹಾಕಿದ ಪಟ್ಟಿಯಲ್ಲಿ ಇದ್ದಂತೆಯೇ ಎಲ್ಲ ನಡೆಯಿತು. ಬಿಸಿಲು ಏರಿತು. ಬದಿಯಡ್ಕಕ್ಕೆ ಒಂದು ಮೈಲಿ ಮೊದಲು ಹಾಜಿಯವರ ಲಾರಿ ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿತು. ಕೆಂಪು ಧೂಳಿನ ಮೇಲೆ ಅದು ನೀರಿನ ಗೆರೆ ಎಳೆಯುತ್ತ ಹೋಯಿತು. ಡ್ರೈವರು ಮೊದಲ ಸಲ ಬಾಯಿ ತೆರೆದ.

"ನೋಡಿ. ಹೋರಿ ಮೂತ್ರ ಹೊಯ್ದ ಹಾಗೆ."

ನಾನು ನಕ್ಕೆ. ಆ ದಿನ ನಕ್ಕದ್ದು ಅದೊಂದೇ ಸಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಪಟೇಲರ ಮನೆಯ ಕೆಳಗಿನ ಬಯಲು ತಲುಪಿದೆವು. ಪೆಟ್ಟಿಗೆ ಇಳಿಸಿ ಲಾರಿ ಮುಂದಿನ ಊರಿಗೆ ಹೋಯಿತು. ಮೂರು ಗಂಟೆಗೆ ಹಿಂದಿರುಗುವಾಗ ನನ್ನನ್ನು ಕರೆದೊಯ್ಯುವುದು ಎಂದಾಗಿತ್ತು. ಬಯಲಿನ ಅಂಚಿನ ಮರಗಳ ಕೆಳಗೆ ನೂರಕ್ಕೆ ಹತ್ತಿರ ದನಗಳನ್ನು ಕಟ್ಟಿದ್ದರು. ಪಟೇಲರು ಒಂದು ಮೇಜು, ಒಂದು ಕುರ್ಚಿ, ಒಂದು ಚೆಂಬು ಮಜ್ಜಿಗೆ ಇಡಿಸಿದ್ದರು. ನಾನು ಪಟ್ಟಿ ತೆಗೆದೆ. ರೋಗ ಬಂದಿದ್ದ ನೆರೆಯ ಬೈಲಿನ ಊರಿಗೆ ಯಾರ ಹಟ್ಟಿ ಹತ್ತಿರವೋ ಅವರದ್ದು ಮೊದಲು, ದೂರದವರದ್ದು ಆಮೇಲೆ. ಪಟೇಲರ ಇಪ್ಪತ್ತೆರಡು ದನಗಳು ಪಟ್ಟಿಯ ಮೇಲ್ತುದಿಯಲ್ಲಿದ್ದವು.

ಎಲ್ಲರಿಗಿಂತ ಮುಂದೆ, ಎರಡು ಕೋಣಗಳ ಹಗ್ಗ ಹಿಡಿದು ಒಬ್ಬಳು ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು. ಬೆಳಕು ಹರಿಯುವ ಮೊದಲೇ ಬಂದವಳಂತೆ. ಪಟೇಲರ ಒಂದು ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದಳು. ಗಂಡ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಆ ಜೋಡಿ ಉಳುವ ಕೋಣಗಳಿದ್ದುದರಿಂದ ಗದ್ದೆ ಅವಳ ಕೈಯಲ್ಲಿ ಉಳಿದಿತ್ತು. ಕೋಣಗಳು ಹೋದರೆ ಮೊದಲ ಮಳೆಗೆ ಗದ್ದೆ ಇನ್ನೊಬ್ಬರದ್ದು. ಇದನ್ನು ಅವಳು ಹೇಳಲಿಲ್ಲ, ಪಟೇಲರೇ ಹೇಳಿದರು, ಮರುಕದಿಂದಲೇ. ನಾನು ಪಟ್ಟಿ ನೋಡಿದೆ. ಅವಳ ಮನೆ ಗುಡ್ಡದ ಆಚೆ ಬದಿಯಲ್ಲಿ. ಅವಳ ಕೋಣಗಳು ಐವತ್ತೇಳು ಮತ್ತು ಐವತ್ತೆಂಟು. ಹಿಂದೆ ಹೋಗಿ ನಿಲ್ಲುವಂತೆ ಹೇಳಿದೆ. ಅವಳು ಹೋದಳು.

ಪೆಟ್ಟಿಗೆಯ ಮುಚ್ಚಳ ತೆಗೆದೆ. ಐಸಿನ ಗಡ್ಡೆ ಇರಲಿಲ್ಲ. ಅಂಚಿನವರೆಗೂ ನೀರು ತುಂಬಿತ್ತು. ಡಬ್ಬಿ ಅದರಲ್ಲಿ ಓರೆಯಾಗಿ ತೇಲುತ್ತಿತ್ತು. ಕೈ ಅದ್ದಿದೆ. ಬಾವಿಯ ನೀರು ಅದಕ್ಕಿಂತ ತಣ್ಣಗಿರುತ್ತದೆ. ನೀರು ತಗಡಿನ ಕೀಲುಗಳಿಂದ ಒಳಗೆ ಇಳಿದು ಉಮಿಯನ್ನೂ ನೆನೆಸಿತ್ತು, ಒದ್ದೆ ಉಮಿ ಬಿಸಿಲನ್ನು ತಡೆಯುವುದಿಲ್ಲ. ಉಷ್ಣಮಾಪಕ ಇಳಿಸಿ, ಗಡಿಯಾರ ಹಿಡಿದು ಮೂರು ನಿಮಿಷ ಕಾದು, ತೆಗೆದು ನೋಡಿದೆ. ಅಷ್ಟು ಹೊತ್ತು ಕಾಯುವ ಅಗತ್ಯವಿರಲಿಲ್ಲ. ನಾಲ್ಕು ಟ್ಯೂಬುಗಳನ್ನೂ ಅಲ್ಲೇ ಮುರಿದು ಮಣ್ಣಿನಲ್ಲಿ ಹೂಳಬೇಕೆಂಬುದು ನಿಯಮ. ಹೂತೆ.

ಆಮೇಲೆ ತೂತಿನಿಂದ ಬಟ್ಟೆಯನ್ನು ಎಳೆದೆ. ನೀರು ಧಾರೆಯಾಗಿ ನನ್ನ ಚಪ್ಪಲಿಯ ಮೇಲೆ ಬಿತ್ತು. ನೀರು ನಿಂತರೆ ಐಸು ನಿಲ್ಲುವುದಿಲ್ಲ ಎಂದು ಹಾಜಿಯವರು ಹಿಂದಿನ ದಿನ ಹೇಳಿದ ಮಾತು ಆಗ ಅರ್ಥವಾಯಿತು. ಒಂದು ಹನಿಯೂ ಹೊರಬಾರದಂತೆ ಡ್ರೈವರು ನೋಡಿಕೊಂಡಿದ್ದ, ನಾನು ಅದನ್ನು ಮೆಚ್ಚಿದ್ದೆ.

ನಡೆದದ್ದನ್ನು ಎಲ್ಲರಿಗೂ ಹೇಳಿದೆ. ಫ್ಲಾಸ್ಕಿನಲ್ಲಿ ಎರಡು ಟ್ಯೂಬುಗಳಿವೆ, ನಲವತ್ತು ದನಗಳಿಗೆ ಆಗುತ್ತದೆ. ಆದರೆ ಅದನ್ನು ತಣ್ಣಗಿನ ಉಪ್ಪುನೀರಿನಲ್ಲಿ ಕಲಸಬೇಕು, ಕಲಸಿದ ಬಾಟಲಿಯನ್ನು ಮುಗಿಯುವವರೆಗೂ ಐಸಿನಲ್ಲಿ ಹೂತಿಡಬೇಕು. ಫ್ಲಾಸ್ಕಿನಲ್ಲಿದ್ದ ಒಂದು ಹಿಡಿ ಚೂರು ಅದಕ್ಕೆ ಸಾಲದು. ಬೇರೆ ಐಸು ಇಲ್ಲ. ಮುಂದಿನ ಲಸಿಕೆ ಬರುವುದು ಒಂಬತ್ತು ದಿನದ ಮೇಲೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತುಳುವಿನಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಂಡು ಮರಗಳ ನೆರಳಿಗೆ ಸರಿದರು. ನಾನು, ಮೇಜು, ಖಾಲಿ ಪೆಟ್ಟಿಗೆ ಬಿಸಿಲಿನಲ್ಲಿ ಉಳಿದೆವು. ಕೋಣಗಳ ಹೆಂಗಸು ಮಾತ್ರ ಹತ್ತಿರ ಬಂದಳು.

"ಐಸು ಅಂದ್ರೆ ಮೀನಿಗೆ ಹಾಕುದಲ್ವಾ, ಡಾಕ್ಟ್ರೆ?"

ಹೌದು ಎಂದೆ. ಆ ಸಲ ತಿದ್ದಲಿಲ್ಲ.

"ಮೀನಿನ ಲಾರಿ ಈಗ ಕೆಳಗೆ ಕವಲುದಾರಿಯಲ್ಲಿ ಉಂಟು. ಮಧ್ಯಾಹ್ನದವರೆಗೆ ಇರ್ತದೆ. ನಾನು ವಾರಕ್ಕೊಮ್ಮೆ ಬೂತಾಯಿ ತರುದು ಅಲ್ಲಿಂದಲೇ. ಎರಡು ಮೈಲಿ. ಹೋಗಿ ಬರ್ತೇನೆ."

ನಾನು ಸುಳ್ಳು ಆಸೆ ಹುಟ್ಟಿಸುವವನಲ್ಲ. ನಲವತ್ತಕ್ಕೆ ಮಾತ್ರ ಆಗುತ್ತದೆ, ನಿನ್ನ ಕೋಣಗಳು ಐವತ್ತೇಳು ಮತ್ತು ಐವತ್ತೆಂಟು, ಪಟ್ಟಿ ಬದಲಾಗುವುದಿಲ್ಲ ಎಂದೆ.

"ಐಸು ಇಲ್ಲದಿದ್ರೆ ಒಂದನೆಯದ್ದಕ್ಕೂ ಇಲ್ಲವಲ್ಲ ಸ್ವಾಮಿ" ಎಂದಳು. ಹಗ್ಗವನ್ನು ಮರಕ್ಕೆ ಕಟ್ಟಿ, ಯಾರದೋ ಬುಟ್ಟಿ ತೆಗೆದುಕೊಂಡು ಇಳಿದು ಹೋದಳು.

ಒಂದು ಗಂಟೆ ಹತ್ತು ನಿಮಿಷ ಕಾದೆ. ಮಾಡಲು ಕೆಲಸವಿಲ್ಲದೆ ಒಂದು ಗಂಟೆ ಕುಳಿತದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಸಿರಿಂಜುಗಳನ್ನು ಎರಡು ಸಲ ಕುದಿಸಿಯಾಗಿತ್ತು. ಆ ಕಡೆ ಮರದ ಕೆಳಗೆ ಯಾರೋ ಹಲಸಿನ ಹಣ್ಣು ಬಿಡಿಸಿ ಎಲ್ಲರಿಗೂ ಹಂಚುತ್ತಿದ್ದರು. ಕಥೆಯೊಂದು ನಡೆಯುತ್ತಿತ್ತು, ನಡುನಡುವೆ ನಗು. ಭಾಷೆ ತಿಳಿಯದ್ದರಿಂದ ಆ ನಗು ನನ್ನ ಬಗ್ಗೆಯೋ ಬೇರೆಯದೋ ಗೊತ್ತಾಗಲಿಲ್ಲ. ನನ್ನ ಬಗ್ಗೆಯೇ ಆಗಿದ್ದರೂ ಪರವಾಗಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅವಳ ಕೋಣಗಳು ಮಾತ್ರ ನನ್ನ ಕಡೆ ಮುಖ ಮಾಡಿ ಮೆಲುಕು ಹಾಕುತ್ತಿದ್ದವು. ಎದ್ದು ಹೋಗಿ ಅವುಗಳ ಬಾಯಿ, ಕಣ್ಣು, ಜ್ವರ ಪರೀಕ್ಷಿಸಿದೆ. ಎರಡೂ ಚೆನ್ನಾಗಿದ್ದವು. ಚೆನ್ನಾಗಿಲ್ಲದಿದ್ದರೆ ನನಗೆ ಕಷ್ಟ ಕಡಿಮೆಯಾಗುತ್ತಿತ್ತು ಎಂಬ ಕೆಟ್ಟ ಯೋಚನೆಯೂ ಬಂತು.

ಹನ್ನೆರಡೂಕಾಲಿಗೆ ಅವಳು ಗುಡ್ಡ ಹತ್ತಿ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಾಳೆ ಎಲೆ, ಮರದ ಹುಡಿ, ಅದರೊಳಗೆ ಐಸು. ಬುಟ್ಟಿಯ ತಳದಿಂದ ನೀರು ಇಳಿದು ಅವಳ ಹಣೆ, ಕೆನ್ನೆ, ರವಿಕೆ ಎಲ್ಲ ಒದ್ದೆಯಾಗಿತ್ತು. ಏರಿ ಬಂದ ದಾರಿಯ ಕೆಂಪು ಮಣ್ಣಿನ ಮೇಲೆ ಹನಿಗಳ ಸಾಲು ಇತ್ತು. ಬುಟ್ಟಿ ಇಳಿಸಿ ಹುಡಿ ಸರಿಸಿದೆ. ಗಡ್ಡೆ ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು.

ಮೀನಿನವನು ಎಂತಕ್ಕೆ ಐಸು ಎಂದು ಕೇಳಿದನಂತೆ. ಕೋಣಕ್ಕೆ ಎಂದಳಂತೆ. ಕೋಣಕ್ಕೆ ಜ್ವರವಾ ಎಂದು ನಗಾಡಿ, ಅರ್ಧ ಪೆಟ್ಟಿಗೆ ಐಸನ್ನೇ ಕೊಟ್ಟನಂತೆ.

ಪಟೇಲರು ಬುಟ್ಟಿಯ ಹತ್ತಿರ ಬಂದರು. ವಾಸನೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ನಾನು ಕಾಗದದಲ್ಲೇ ಬರೆದಿದ್ದೆ, ಡಾಕ್ಟ್ರೆ."

ಐಸು ಬಾಟಲಿಯ ಹೊರಗೆ ಇರುತ್ತದೆ, ಮದ್ದಿಗೆ ತಾಗುವುದಿಲ್ಲ ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ನನಗೆ ಅರ್ಥ ಆಗ್ತದೆ. ಮನೆಯಲ್ಲಿ ತಾಯಿಗೆ ಅರ್ಥ ಆಗ್ಲಿಕ್ಕಿಲ್ಲ. ಆ ಹಟ್ಟಿಯ ಹಾಲು ದೇವರ ಅಭಿಷೇಕಕ್ಕೆ ಹೋಗುದು. ನಮ್ಮದ್ದು ಒಂಬತ್ತು ದಿನ ಕಾಯ್ಲಿ. ನೀವು ಮುಂದಿನವರದ್ದು ಸುರು ಮಾಡಿ."

ಆ ಒಂಬತ್ತು ದಿನಗಳಲ್ಲಿ ಅವರ ಹಟ್ಟಿಗೆ ರೋಗ ಬಂತು, ಏಳು ಹಸುಗಳು ಹೋದವು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಆ ಏಳು ನನ್ನ ಲೆಕ್ಕಕ್ಕೆ ಸೇರಿದವು, ಅವರ ತಾಯಿಯ ಲೆಕ್ಕಕ್ಕಲ್ಲ. ಪೆಟ್ಟಿಗೆಯ ಐಸು ಉಳಿದಿದ್ದರೆ ಅವುಗಳಿಗೆ ಮೊದಲೇ ಚುಚ್ಚಿ ಆಗಿರುತ್ತಿತ್ತು. ಪಟೇಲರು ಎಂದೂ ಆ ಮಾತು ಎತ್ತಲಿಲ್ಲ.

ಪಟ್ಟಿಯಲ್ಲಿ ಅವರ ಇಪ್ಪತ್ತೆರಡರ ಮೇಲೆ ಗೆರೆ ಎಳೆದೆ. ಉಳಿದವರ ಸಂಖ್ಯೆಗಳು ಮೇಲೆ ಬಂದವು. ಐವತ್ತೇಳು ಮೂವತ್ತೈದಾಯಿತು. ಐವತ್ತೆಂಟು ಮೂವತ್ತಾರಾಯಿತು. ಅವಳಿಗೆ ಇದನ್ನು ಯಾರೂ ಹೇಳಲಿಲ್ಲ, ಆದರೆ ಅವಳು ಸಾಲಿನ ತಲೆಗಳನ್ನು ಎಣಿಸುವುದನ್ನು ಕಂಡೆ. ಎರಡು ಸಲ ಎಣಿಸಿದಳು.

ಮೊದಲ ಟ್ಯೂಬನ್ನು ಕಲಸಿ ಬಾಟಲಿಯನ್ನು ಐಸಿನಲ್ಲಿ ಹೂತೆ. ಬುಟ್ಟಿಯನ್ನು ಎರಡು ಕಲ್ಲುಗಳ ಮೇಲೆ ಏರಿಸಿ ಇಟ್ಟೆ, ನೀರು ಕೆಳಗೆ ಇಳಿದು ಹೋಗಲಿ ಎಂದು. ಒಬ್ಬರು ಕೊಂಬು ಹಿಡಿಯುವುದು, ಒಬ್ಬರು ಬಾಲ, ನಾನು ಕುತ್ತಿಗೆಯ ಬದಿಗೆ ಚುಚ್ಚುವುದು. ಒಂದು ದನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಮೂವತ್ತೈದನೆಯದು ಬಂದಾಗ ಹಗ್ಗವನ್ನು ಅವಳೇ ಹಿಡಿದಳು. ಕೊಂಬು ಹಿಡಿಯಲು ಬಂದವರನ್ನು ಬೇಡ ಎಂದಳು. ಕೋಣದ ಕಿವಿಯ ಹತ್ತಿರ ಬಾಯಿ ಇಟ್ಟು ತುಳುವಿನಲ್ಲಿ ಏನೋ ಹೇಳುತ್ತಲೇ ಇದ್ದಳು. ಅದು ಕದಲಲಿಲ್ಲ. ಇನ್ನೊಂದಕ್ಕೂ ಹಾಗೆಯೇ. ಮುಗಿದ ಮೇಲೆ ಎರಡನ್ನೂ ಹೊಡೆದುಕೊಂಡು ಗುಡ್ಡದ ದಾರಿ ಹಿಡಿದಳು. ಕೆಲಸ ಮುಗಿದವರು ಹೋಗುವ ಹಾಗೆ ಹೋದಳು. ಅದು ಸರಿಯಾಗಿಯೇ ಇತ್ತು. ಆದರೂ ಅವಳು ತಿರುವು ದಾಟುವವರೆಗೆ ನಾನು ಸಿರಿಂಜು ಹಿಡಿದು ನಿಂತಿದ್ದೆ, ಮೂವತ್ತೇಳನೆಯ ಹಸುವಿನವರು ಕೆಮ್ಮಿ ನನ್ನನ್ನು ಎಚ್ಚರಿಸಿದರು. ಮಳೆಗಾಲದ ಕೊನೆಯಲ್ಲಿ ಆ ಕಡೆ ಹೋದಾಗ ಆ ಗದ್ದೆಯಲ್ಲಿ ಪೈರು ಇತ್ತು. ಯಾರದ್ದೆಂದು ಕೇಳಿದೆ. ಅವಳದ್ದೇ ಎಂದರು.

ಮೂರು ಗಂಟೆಗೆ ಸರಿಯಾಗಿ ಲಾರಿ ಬಂತು. ಬಟ್ಟೆಯ ಚೂರನ್ನು ಡ್ರೈವರಿಗೆ ತೋರಿಸಿ, ಆದದ್ದನ್ನು ಹೇಳಿದೆ. ಅವನು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಒಂದು ಹನಿ ಹೊರಗೆ ಬರ್ಲಿಲ್ಲವಲ್ಲ ಸಾರ್" ಎಂದ.

ಬರಲಿಲ್ಲ ಎಂದೆ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಅಕ್ಕಿ ಒಣಗಿಯೇ ಇತ್ತು. ಖಾಲಿ ಪೆಟ್ಟಿಗೆಯನ್ನು ಲಾರಿಗೆ ಏರಿಸಿ ಕಾಸರಗೋಡಿಗೆ ಹೊರಟೆವು.

ಐದೂಮುಕ್ಕಾಲಿಗೆ ಹಾಜಿಯವರ ಕೊಟ್ಟಿಗೆಗೆ ಹೋದೆ. ನಮ್ಮ ಸುದ್ದಿ ಮೀನಿನ ಲಾರಿಯ ಜೊತೆ ನನಗಿಂತ ಮೊದಲೇ ಊರು ತಲುಪಿತ್ತು. ಜನರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು.

"ಹೇಗೆ ಡಾಕ್ಟ್ರೆ," ಎಂದರು ಹಾಜಿಯವರು, "ಸೋರಲಿಲ್ಲವಾ?"

ಸೋರಲಿಲ್ಲ, ಅದೇ ತಪ್ಪಾಯಿತು ಎಂದೆ. ಮುಂದಿನ ಸಲದಿಂದ ಸಾಗಣೆ ನೀವೇ ಮಾಡಬೇಕು ಎಂದು ಕೇಳಿಕೊಂಡೆ. ಅವರು ನಗಲಿಲ್ಲ. ಎಷ್ಟು ದನಗಳಿಗೆ ಆಯಿತು, ಎಷ್ಟಕ್ಕೆ ಆಗಲಿಲ್ಲ ಎಂದು ಕೇಳಿದರು. ಪಟೇಲರ ಮಾತನ್ನೂ ಹೇಳಿದೆ.

"ಹೊಸ ಪೆಟ್ಟಿಗೆ ಮಾಡಿಸ್ತೇನೆ. ಮೀನು ಮುಟ್ಟದ್ದು. ಲಾರಿಯ ಮುಂದೆ, ಡ್ರೈವರನ ಹತ್ತಿರ ಇಡುವ. ಪಟೇಲರ ಅಮ್ಮನೇ ಬಂದು ಮೂಸಿ ನೋಡ್ಲಿ. ತೂತು ಮಾತ್ರ ಇರ್ತದೆ."

ಆಮೇಲೆ ಕುಳಿತುಕೊಳ್ಳಿ, ಚಹಾ ಕುಡಿದು ಹೋಗಿ ಎಂದರು. ಒಬ್ಬರು ಎದ್ದು ಪೆಟ್ಟಿಗೆಯ ಮೇಲೆ ನನಗೆ ಜಾಗ ಬಿಟ್ಟರು. ಆರು ಗಂಟೆಗೆ ರಿಜಿಸ್ಟರು ಬರೆಯಬೇಕು ಎಂದು ಹೇಳಿ ಹೊರಟೆ. ಅದು ನಿಜವೂ ಹೌದು. ಆದರೆ ಅದನ್ನು ಆರೂವರೆಗೆ ಬರೆದಿದ್ದರೆ ಯಾರೂ ಕೇಳುವವರಿರಲಿಲ್ಲ. ಕಡಲಿನ ಕಡೆ ಇನ್ನೂ ಬೆಳಕಿತ್ತು. ನಾನು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಮತ್ತೆ ಹತ್ತು ಜನರ ಮಾತು ಒಟ್ಟಿಗೆ ಶುರುವಾಗಿತ್ತು.

ಆಸ್ಪತ್ರೆಯ ಬಾಗಿಲು ತೆರೆದು ಕಂದೀಲು ಹಚ್ಚಿದೆ. ರಿಜಿಸ್ಟರಿನಲ್ಲಿ ಚುಚ್ಚಿದ್ದು ನಲವತ್ತು, ಹೂತದ್ದು ನಾಲ್ಕು ಟ್ಯೂಬು ಎಂದು ಬರೆದೆ. ಕಾರಣದ ಅಂಕಣದಲ್ಲಿ "ನೀರು ಹೊರಹೋಗುವ ತೂತನ್ನು ನನ್ನ ಸಮ್ಮತಿಯಿಂದ ಮುಚ್ಚಲಾಗಿತ್ತು" ಎಂದು ಬರೆದು ಸಹಿ ಮಾಡಿದೆ. ಸೂಚನಾಪತ್ರದ ಕೊನೆಗೆ ಹನ್ನೆರಡನೆಯ ಸೂಚನೆಯೊಂದನ್ನು ಕೈಯಿಂದ ಸೇರಿಸಿದೆ. ಸೋಮವಾರದ ಹಾಳೆಯನ್ನು ತೆಗೆದೆ. ಹಾಜಿಯವರ ಹೆಸರಿನ ಬಲಕ್ಕೆ ಬರೆದಿದ್ದ ಸಾಲನ್ನು ಹೊಡೆದುಹಾಕಿದೆ. ಎಡಕ್ಕೆ, ಪರವಾದ ಕಾರಣಗಳ ಕೆಳಗೆ, ಒಂದು ಅಕ್ಷರವನ್ನೂ ಬದಲಿಸದೆ ಅದನ್ನೇ ಬರೆದೆ: "ದಾರಿಯುದ್ದಕ್ಕೂ ನೀರು ಸೋರುತ್ತದೆ." ಅಡಿಗೆರೆ ಹಾಕಿದೆ.

ಏಳೂಕಾಲಿಗೆ ಹೋಟೆಲಿನ ಮೂಲೆಯಲ್ಲಿ ಊಟ ಮಾಡಿ ಬಂದೆ. ಇನ್ನೊಂದು ಕೆಲಸ ಉಳಿದಿತ್ತು. ಫ್ಲಾಸ್ಕನ್ನು ಬಿಸಿನೀರಿನಲ್ಲಿ ಎರಡು ಸಲ, ತಣ್ಣೀರಿನಲ್ಲಿ ಒಂದು ಸಲ ತೊಳೆದೆ. ಬಿರಡೆಯನ್ನು ಒರೆಸಿ ಪಕ್ಕದಲ್ಲಿಟ್ಟೆ. ನೀರು ಪೂರ್ತಿ ಇಳಿದು ಹೋಗುವಂತೆ ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆ.